ಸಹಾಯ ಬೇಕು: ರೈಜನ್ ಓವರ್‌ಕ್ಲಾಕ್, ಮಧ್ಯಾಹ್ನ ಮಾತ್ರ ಕ್ರ್ಯಾಶ್

ಎಲ್ಲರಿಗೂ ನಮಸ್ಕಾರ. ರೈಜನ್ 5 5600ಎಕ್ಸ್ ಪ್ರೊಸೆಸರ್ ಇದೆ. ಓವರ್‌ಕ್ಲಾಕ್ ಮಾಡಿ (ಮಾಮೂಲಿಗಿಂತ ಜಾಸ್ತಿ ಸ್ಪೀಡಲ್ಲಿ ಓಡಿಸೋಕೆ) ಆರೂ ಕೋರ್ 4.6 ಗಿಗಾಹರ್ಟ್ಸ್, 1.3 ವೋಲ್ಟ್‌ಗೆ ಫಿಕ್ಸ್ ಮಾಡಿದೀನಿ. ರಾತ್ರಿ ಹೊತ್ತು ಗೇಮು, ಸಿನೆಬೆಂಚ್ (ಸ್ಪೀಡ್ ಟೆಸ್ಟ್) ಎಲ್ಲಾ ಸಲೀಸು. ಮಧ್ಯಾಹ್ನ ಪ್ರೈಮ್95 ಅನ್ನೋ ಸ್ಟ್ರೆಸ್ ಟೆಸ್ಟಲ್ಲಿ ಸ್ಮಾಲ್ ಎಫ್‌ಎಫ್‌ಟಿ (ಚಿಪ್‌ನ ತುಂಬಾ ಬಿಸಿ ಮಾಡೋ ಮೋಡ್) ಹಾಕಿದ್ರೆ 90 ಡಿಗ್ರಿ ದಾಟುತ್ತೆ, ಒಂದು ವರ್ಕರ್ (ಟೆಸ್ಟಿನ ಒಂದು ಭಾಗ) ಎರರ್ ಕೊಟ್ಟು ನಿಲ್ಲುತ್ತೆ, ಕೆಲವು ಸಲ ಪಿಸಿನೇ ರೀಸ್ಟಾರ್ಟ್. ಈ ಚಿಪ್‌ನ ಲಿಮಿಟ್ಟೇ 95.

ವಿಜಯನಗರದಲ್ಲಿ ಟಾಪ್ ಫ್ಲೋರ್ ಮನೆ, ತಲೆ ಮೇಲೆ ಬರೀ ಆರ್‌ಸಿಸಿ, ಎಸಿ ಇಲ್ಲ. ಏಪ್ರಿಲ್‌ನಲ್ಲಿ ರೂಮೇ 33 ಡಿಗ್ರಿ. (ಬೆಂಗಳೂರು ತಂಪು ಅನ್ನೋರು ಒಂದ್ಸಲ ಬಂದು ಕೂತು ಹೋಗಿ.)

ಸಿಂಗಲ್ ಟವರ್ ಏರ್ ಕೂಲರ್, ಪೇಸ್ಟ್ ಹೊಸದು, ಫಿಲ್ಟರ್ ಧೂಳು ತೆಗೆದಾಯ್ತು. ಸೈಡ್ ಪ್ಯಾನಲ್ ಬಿಚ್ಚಿದ್ರೆ 6–7 ಡಿಗ್ರಿ ಇಳಿಯುತ್ತೆ, ಅಂದ್ರೆ ಕೇಸ್ ಒಳಗೆ ಗಾಳಿ ಸರಿಯಾಗಿ ಆಡ್ತಿಲ್ಲ. ವೋಲ್ಟೇಜ್ 1.25ಕ್ಕೆ ಇಳಿಸಿದ್ರೆ ಬಿಸಿ ಕಮ್ಮಿ, ಆದ್ರೆ ಎರರ್ ಇನ್ನೂ ಬೇಗ. ಅತ್ತ ದರಿ ಇತ್ತ ಪುಲಿ.

ಲೋಡ್‌ಲೈನ್ ಕ್ಯಾಲಿಬ್ರೇಶನ್ (ಲೋಡ್ ಬಿದ್ದಾಗ ವೋಲ್ಟೇಜ್ ಜಾಸ್ತಿ ಬೀಳದಂತೆ ತಡೆಯೋ ಸೆಟ್ಟಿಂಗ್) ಆಟೋದಲ್ಲಿದೆ, ಫುಲ್ ಲೋಡ್‌ನಲ್ಲಿ ವೋಲ್ಟೇಜ್ 1.23ಕ್ಕೆ ಬೀಳುತ್ತೆ. ಅದನ್ನ ಒಂದು ಹಂತ ಏರಿಸ್ಲಾ? ಇಲ್ಲಾ ಫಿಕ್ಸೆಡ್ ಬಿಟ್ಟು, ಪಿಬಿಒ (ಚಿಪ್ ತಾನೇ ಸ್ಪೀಡ್ ಏರಿಸ್ಕೊಳ್ಳೋ ಸೆಟ್ಟಿಂಗ್) ಆನ್ ಮಾಡಿ ಕರ್ವ್ ಆಪ್ಟಿಮೈಸರ್ (ಅದರ ವೋಲ್ಟೇಜ್ ಇಳಿಸೋ ಸೆಟ್ಟಿಂಗ್) ಮೈನಸ್ 15ರಿಂದ ಶುರು ಮಾಡೋದು ವಾಸಿನಾ? ನನಗೆ ಎರಡನೇದೇ ಸರಿ ಅನ್ಸುತ್ತೆ. ಎಸ್.ಪಿ. ರೋಡ್ ಕಂಪ್ಯೂಟರ್ ಅಂಗಡಿಗಳಲ್ಲಿ ಕೇಳಿದ್ರೆ ವಾಟರ್ ಕೂಲಿಂಗ್ ಹಾಕ್ಸಿ ಅಂತಾರೆ, ಅಷ್ಟು ದುಡ್ಡು ಸುರಿಯೋ ಮನಸ್ಸಿಲ್ಲ. ಎಸಿ ಇಲ್ದೆ ಏರ್ ಕೂಲರಲ್ಲೇ ಓಡಿಸ್ತಿರೋರು ದಯವಿಟ್ಟು ನಿಮ್ಮ ಸೆಟ್ಟಿಂಗ್ಸ್ ಹಾಕಿ.