ಹಾರ್ಡ್ ಡಿಸ್ಕ್ ಲೈಟ್ ಉರಿಯುತ್ತದೆ, ಕಂಪ್ಯೂಟರ್‌ನಲ್ಲಿ ಕಾಣಿಸುವುದಿಲ್ಲ. ‘ಇನಿಶಿಯಲೈಸ್’ ಒತ್ತಬಹುದಾ?

ಹಸೆಹಾಡು_ಶಿರಸಿ:

ಎಲ್ಲರಿಗೂ ನಮಸ್ಕಾರ. 1 ಟಿಬಿಯ ಚಿಕ್ಕ ಪೋರ್ಟಬಲ್ ಹಾರ್ಡ್ ಡಿಸ್ಕ್. ಅದರಲ್ಲಿರುವುದು ನಮ್ಮ ಅಜ್ಜಿ ಮತ್ತು ಊರಿನ ಹೆಂಗಸರು ಹೇಳಿದ ಮದುವೆ ಹಾಡುಗಳು. ಅರಿಶಿನ ಹಚ್ಚುವಾಗಿನದು, ಹಸೆಗೆ ಕರೆಯುವುದು, ಹೆಣ್ಣು ಒಪ್ಪಿಸುವುದು, ಎಲ್ಲ ಇದೆ. ಹೇಳಿದವರಲ್ಲಿ ಕೆಲವರು ಈಗ ಇಲ್ಲ. ಇನ್ನೊಂದು ಕಾಪಿ ಇದ್ದ ಲ್ಯಾಪ್‌ಟಾಪ್ ಕಳುವಾಗಿದೆ.

ಈಗ ಡಿಸ್ಕ್ ಚುಚ್ಚಿದರೆ ಲೈಟ್ ಬರುತ್ತದೆ. ತಿರುಗಲು ಶುರುವಾಗಿ ನಿಂತುಬಿಡುತ್ತದೆ, ಮತ್ತೆ ಶುರುವಾಗುತ್ತದೆ. ‘ದಿಸ್ ಪಿಸಿ’ಯಲ್ಲಿ ಇಲ್ಲವೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಒಮ್ಮೊಮ್ಮೆ ‘ನಾಟ್ ಇನಿಶಿಯಲೈಸ್ಡ್’ ಎಂದು ಬಂದು, ಎಂಬಿಆರ್ ಬೇಕಾ ಜಿಪಿಟಿ ಬೇಕಾ ಎಂದು ಕೇಳುತ್ತದೆ. ಇಲ್ಲಿನ ರಿಪೇರಿ ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಅಂದರು. ನನಗೆ ಡಿಸ್ಕ್ ಹೋದರೂ ಪರವಾಗಿಲ್ಲ, ಹಾಡು ಬೇಕು. ಏನು ಮಾಡಲಿ?

ತುಮಕೂರು_ರಿಪೇರಿ:

ಒತ್ತಬೇಡಿ ಅಕ್ಕ. ಆ ಕಿಟಕಿಯಲ್ಲಿ ಕ್ಯಾನ್ಸಲ್ ಕೊಡಿ. ಇನಿಶಿಯಲೈಸ್ ಅಂದರೆ ಡಿಸ್ಕಿನ ಶುರುವಿನಲ್ಲಿ ಹೊಸ ಪಾರ್ಟಿಷನ್ ಟೇಬಲ್, ಅಂದರೆ ಡಿಸ್ಕಿನ ಭಾಗಗಳ ಪಟ್ಟಿ, ಬರೆಯುವುದು. ಎಂಬಿಆರ್, ಜಿಪಿಟಿ ಆ ಪಟ್ಟಿಯ ಎರಡು ಬಗೆ. ಹಾಡು ಅಳಿಸುವುದಿಲ್ಲ, ಆದರೆ ಹುಡುಕುವ ಕೆಲಸ ಜಾಸ್ತಿಯಾಗುತ್ತದೆ.

ತಿರುಗಿ ತಿರುಗಿ ನಿಲ್ಲುವುದು ಕರೆಂಟ್ ಸಾಲದ ಲಕ್ಷಣ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಪೋರ್ಟ್ ಆದರೆ 900. ಇಂಥ ಡಿಸ್ಕ್‌ಗೆ ತಿರುಗಲು ಶುರುಮಾಡುವ ಹೊತ್ತಲ್ಲೇ ಜಾಸ್ತಿ ಬೇಕು. ಕೇಬಲ್ ಹಳೆಯದಾಗಿದ್ದರೆ ಅಷ್ಟೂ ತಲುಪುವುದಿಲ್ಲ. ಹಬ್ ಬೇಡ, ಸಿಪಿಯು ಮುಂದಿನ ಪೋರ್ಟೂ ಬೇಡ. ಹಿಂದೆ ಮದರ್‌ಬೋರ್ಡಿನದೇ ಪೋರ್ಟ್‌ಗೆ ಹೊಸ, ಗಿಡ್ಡ ಕೇಬಲ್‌ನಲ್ಲಿ ಹಾಕಿ. ಟಕ್ ಟಕ್ ಎಂದು ಒಂದೇ ಸಮನೆ ಬಡಿದರೆ ಮಾತ್ರ ತಕ್ಷಣ ತೆಗೆದುಬಿಡಿ. ಅದು ಡಿಸ್ಕ್ ಓದುವ ಹೆಡ್ ಹೋಗಿರುವ ಸದ್ದು, ಡೇಟಾ ರಿಕವರಿ ಲ್ಯಾಬ್‌ನವರ ಕೆಲಸ.

ಹುಬ್ಳಿ_ಪಿಸಿ:

ಕೇಸ್ ಬಿಚ್ಚಿ ಡಿಸ್ಕ್ ಹೊರಗೆ ತೆಗೆದು ನೇರ ಸಾಟಾ ಕೇಬಲ್ (ಕಂಪ್ಯೂಟರ್ ಒಳಗಿನ ಡಿಸ್ಕ್‌ಗೆ ಹಾಕೋದು) ಹಾಕಿ ನೋಡ್ರಿ. ಎಷ್ಟೋ ಸಲ ಕೆಟ್ಟಿರೋದು ಡಿಸ್ಕ್‌ಗೂ ಯುಎಸ್‌ಬಿಗೂ ಮಧ್ಯದ ಬೋರ್ಡ್ ಅಷ್ಟೇ.

ತುಮಕೂರು_ರಿಪೇರಿ:

ಅಣ್ಣ ಹೇಳಿದ್ದು 3.5 ಇಂಚಿನ ದೊಡ್ಡ ಡಿಸ್ಕ್‌ಗಳಿಗೆ ಬಹಳ ಸಲ ಸರಿ. ಈ ಚಿಕ್ಕವುಗಳಲ್ಲಿ ಕೆಲವಕ್ಕೆ ಸಾಟಾ ಕನೆಕ್ಟರೇ ಇರುವುದಿಲ್ಲ, ಯುಎಸ್‌ಬಿ ಸಾಕೆಟ್ ಡಿಸ್ಕಿನ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಇನ್ನು ಕೆಲವು ಮಧ್ಯದ ಚಿಪ್‌ನಲ್ಲೇ ಡೇಟಾವನ್ನು ಎನ್‌ಕ್ರಿಪ್ಟ್ ಮಾಡುತ್ತವೆ (ಗುಪ್ತಲಿಪಿಗೆ ಬದಲಿಸುತ್ತವೆ), ಅದನ್ನು ಬಿಟ್ಟು ಓದಿದರೆ ಬರುವುದು ಬರೀ ಕಸ. ಮೊದಲು ಕೇಬಲ್ ನೋಡೋಣ.

ಹಸೆಹಾಡು_ಶಿರಸಿ:

ಕೇಬಲ್ ಬದಲಿಸಿ ಹಿಂದಿನ ಪೋರ್ಟ್‌ಗೆ ಹಾಕಿದೆ. ಈಗ ನಿಲ್ಲದೆ ತಿರುಗುತ್ತಿದೆ, ಬಡಿಯುವ ಸದ್ದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 931 ಜಿಬಿ ಎಂದು ಬಂತು! ಆದರೆ ‘ರಾ’ ಎಂದಿದೆ, ತೆರೆಯಲು ಹೋದರೆ ಫಾರ್ಮ್ಯಾಟ್ ಕೇಳುತ್ತದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಹಳದಿ ಬಣ್ಣ, ‘ಕಾಷನ್’. ಸಿ5 ಸಾಲಿನ ಕೊನೆಯಲ್ಲಿ 48.

ತುಮಕೂರು_ರಿಪೇರಿ:

931 ಅಂದರೆ ಪೂರ್ತಿ 1 ಟಿಬಿಯೇ, ವಿಂಡೋಸ್ ಲೆಕ್ಕ ಹಾಕುವ ರೀತಿ ಹಾಗೆ. ಪಾರ್ಟಿಷನ್ ಟೇಬಲ್ ಕೂಡ ಉಳಿದಿದೆ. ‘ರಾ’ ಅಂದರೆ ಒಳಗಿನ ಫೈಲ್ ವ್ಯವಸ್ಥೆ ವಿಂಡೋಸ್‌ಗೆ ಗುರುತು ಸಿಗುತ್ತಿಲ್ಲ ಅಂತ. ಅಂಗಡಿಯವರು ಹೇಳಿದರೂ ನೀವು ಫಾರ್ಮ್ಯಾಟ್ ಒತ್ತದೇ ಇದ್ದದ್ದು ಬಹಳ ಒಳ್ಳೆಯದಾಯಿತು.

ಸಿ5 ಅಂದರೆ ಓದಲು ಆಗದೆ ಬಾಕಿ ಉಳಿದಿರುವ ಸೆಕ್ಟರ್‌ಗಳು (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು). ಆ ಸಾಫ್ಟ್‌ವೇರ್ ಅಲ್ಲಿ ಹೆಕ್ಸ್ (16ರ ಲೆಕ್ಕದ) ಅಂಕಿ ತೋರಿಸುತ್ತದೆ, ಹಾಗಾಗಿ 48 ಅಂದರೆ ನಮ್ಮ ಲೆಕ್ಕದಲ್ಲಿ 72. ಈಗ ವಿಂಡೋಸ್‌ನ ದೋಷ ತಿದ್ದುವ ಚೆಕ್‌ಡಿಸ್ಕ್ ಓಡಿಸಲೇಬೇಡಿ. ಸೋತ ಡಿಸ್ಕ್ ಮೇಲೆ ಅದು ಬರೆಯಲು ಹೋಗುತ್ತದೆ.

ಮೊದಲು ಇಡೀ ಡಿಸ್ಕಿನ ನಕಲು ತೆಗೆಯಬೇಕು. ಹೊಸ ಖಾಲಿ ಡಿಸ್ಕ್ ತನ್ನಿ, 2 ಟಿಬಿ ಇರಲಿ. ಸಿಸ್ಟಮ್‌ರೆಸ್ಕ್ಯೂ ಎಂಬ ಉಚಿತ ಲಿನಕ್ಸ್ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಬೂಟ್ ಮಾಡಿ. ಅದರಲ್ಲಿ ನಕಲು ತೆಗೆಯುವ ಡಿಡಿರೆಸ್ಕ್ಯೂ ಇದೆ. ಅದು ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಬರುತ್ತದೆ. ಎಲ್ಲಿವರೆಗೆ ಆಯಿತೆಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಆ ಫೈಲ್ ಇನ್ನೊಂದು ಪೆನ್‌ಡ್ರೈವ್‌ನಲ್ಲಿರಲಿ. ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಯಾವುದು ಹಳೆಯ ಡಿಸ್ಕ್, ಯಾವುದು ಹೊಸದು ಎಂದು ಸೀರಿಯಲ್ ನಂಬರ್ ನೋಡಿ ಖಾತ್ರಿ ಮಾಡಿಕೊಳ್ಳಿ. ಅದಲುಬದಲಾದರೆ ಹಾಡುಗಳ ಮೇಲೆಯೇ ಖಾಲಿ ಡಿಸ್ಕ್ ಬರೆದುಬಿಡುತ್ತದೆ.

ನಕಲು ಮುಗಿದ ಮೇಲೆ ಹಳೆಯದನ್ನು ಎತ್ತಿಟ್ಟು ಹೊಸದರ ಮೇಲೆ ಪಾರ್ಟಿಷನ್ ಸರಿಪಡಿಸುವ ಟೆಸ್ಟ್‌ಡಿಸ್ಕ್ ಓಡಿಸಿ. ಅಡ್ವಾನ್ಸ್ಡ್‌ಗೆ ಹೋಗಿ ಬೂಟ್ ಆರಿಸಿ. ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಆದರೆ ಬೂಟ್ ಸೆಕ್ಟರಿನ, ಅಂದರೆ ಪಾರ್ಟಿಷನ್ನಿನ ಮೊದಲ ಸೆಕ್ಟರಿನ, ಇನ್ನೊಂದು ಪ್ರತಿ ಪಾರ್ಟಿಷನ್ನಿನ ಕೊನೆಯಲ್ಲಿರುತ್ತದೆ. ಮೊದಲನೆಯದು ‘ಬ್ಯಾಡ್’, ಎರಡನೆಯದು ‘ಓಕೆ’ ಎಂದಿದ್ದರೆ ‘ಬ್ಯಾಕಪ್ ಬಿಎಸ್’ ಕೊಡಿ, ಎರಡನೆಯದು ಮೊದಲನೆಯದರ ಜಾಗಕ್ಕೆ ಬರುತ್ತದೆ.

ಹಸೆಹಾಡು_ಶಿರಸಿ:

ಹಾಗೇ ಇತ್ತು! ಮೊದಲನೆಯದು ಬ್ಯಾಡ್, ಕೊನೆಯದು ಓಕೆ. ಫೋಲ್ಡರ್‌ಗಳೆಲ್ಲ ಹೆಸರಿನ ಸಮೇತ ಬಂದವು. ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು. ಅಜ್ಜಿಯ ಅರಿಶಿನದ ಹಾಡು ಕೇಳಿ ಅಮ್ಮ ಅತ್ತುಬಿಟ್ಟರು. ಒಂದು ಹಾಡಿನ ಮಧ್ಯೆ ಮಾತ್ರ ಚಟ್ ಎಂಬ ಸದ್ದು ಬರುತ್ತದೆ. ಇದು ವೇವ್ ಫೈಲ್. ಅದು ಸರಿಹೋಗುತ್ತದಾ?

ತುಮಕೂರು_ರಿಪೇರಿ:

ಓದಲು ಸಿಗದ ಜಾಗ ನಕಲಿನಲ್ಲಿ ಖಾಲಿಯಾಗಿದೆ, ಅದರ ಸದ್ದು ಅದು. ಸಿಡಿ ಗುಣಮಟ್ಟದ ವೇವ್‌ನಲ್ಲಿ ಒಂದು ಸೆಕೆಂಡಿಗೆ 1,76,400 ಬೈಟ್. 4,096 ಬೈಟಿನ ಒಂದು ಸೆಕ್ಟರ್ ಹೋದರೆ ಸೆಕೆಂಡಿನ 43ರಲ್ಲಿ ಒಂದು ಪಾಲು. ಸದ್ದು ತಿದ್ದುವ ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ತೆರೆದು ಆ ಜಾಗವನ್ನು ದೊಡ್ಡದು ಮಾಡಿ ನೋಡಿ, ಚಪ್ಪಟೆ ಗೆರೆ ಕಾಣುತ್ತದೆ. ಅದರ ಎರಡೂ ಬದಿ ಸ್ವಲ್ಪ ಫೇಡ್ (ಸದ್ದು ಮೆಲ್ಲಗೆ ಇಳಿಸಿ ಏರಿಸುವುದು) ಕೊಟ್ಟರೆ ಚಟ್ ಸದ್ದು ಹೋಗುತ್ತದೆ, ಹಾಡಿನಲ್ಲಿ ಒಂದಕ್ಷರವೂ ಕೆಡುವುದಿಲ್ಲ. ಮೂಲ ಫೈಲ್ ಮುಟ್ಟದೆ, ತಿದ್ದಿದ್ದನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ.