ಪಾಠದ ನಡುವೆ ಮಕ್ಕಳ ಮಾತು: ಗಂಟಲು ಹರಿದುಕೊಳ್ಳದೆ ನಿಭಾಯಿಸೋದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಎಂಟನೇ ತರಗತಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಮಕ್ಕಳು ಕೆಟ್ಟವರಲ್ಲ. ಜಗಳ, ಹೊಡೆದಾಟ ಯಾವುದೂ ಇಲ್ಲ. ಆದರೆ ಮಾತು ಮಾತ್ರ ನಿಲ್ಲೋದೇ ಇಲ್ಲ. ಬೋರ್ಡ್ ಕಡೆ ತಿರುಗಿದರೆ ಸಾಕು, ಗುಸುಗುಸು ಶುರು. ‘ಸೈಲೆನ್ಸ್’ ಅಂದರೆ ಒಂದರೆಗಳಿಗೆ ಸುಮ್ಮನಿದ್ದು ಮತ್ತೆ ಅದೇ ಕಥೆ. ಎದ್ದು ನಿಲ್ಲಿಸಿದ್ದಾಯಿತು, ಹೊರಗೆ ಕಳಿಸಿದ್ದಾಯಿತು. ಸಂಜೆ ಹೊತ್ತಿಗೆ ಗಂಟಲು ಕಟ್ಟಿರುತ್ತದೆ. ಸ್ಟಾಫ್ ರೂಮಿನಲ್ಲಿ ಕೇಳಿದರೆ ‘ಸ್ವಲ್ಪ ಸ್ಟ್ರಿಕ್ಟ್ ಆಗಿ’ ಅನ್ನುತ್ತಾರೆ. ಇನ್ನೆಷ್ಟು ಸ್ಟ್ರಿಕ್ಟ್ ಆಗಲಿ?

ಉತ್ತರ (ಶಿಕ್ಷಕರ ತರಬೇತುದಾರ): ಮೇಡಂ, ಸ್ಟ್ರಿಕ್ಟ್ ವಿಷಯ ಸದ್ಯಕ್ಕೆ ಬದಿಗಿಡಿ. ಮೊದಲು ಒಂದು ವಾರ ಒಂದೇ ಕೆಲಸ ಮಾಡಿ. ಯಾರು ಮಾತಾಡಿದರು ಅಂತ ನೋಡಬೇಡಿ, ಮಾತು ಯಾವಾಗ ಶುರುವಾಯಿತು ಅಂತ ನೋಡಿ. ಪುಸ್ತಕದ ಮೂಲೆಯಲ್ಲಿ ಒಂದೊಂದು ಪದ ಗೀಚಿಕೊಂಡರೆ ಸಾಕು: ‘ಹಾಜರಿ’, ‘ಬೋರ್ಡ್’, ‘ನೋಟ್ಸ್ ಹಂಚುವಾಗ’, ‘ಬೇಗ ಬರೆದು ಮುಗಿಸಿದವರು’. ಬಹಳ ಸಲ ಗಲಾಟೆ ಹುಟ್ಟುವುದು ಪಾಠದ ನಡುವಿನ ಖಾಲಿ ಜಾಗಗಳಲ್ಲಿ. ಮಕ್ಕಳ ಕೈಗೆ ಕೆಲಸ ಇಲ್ಲ, ಪಕ್ಕದಲ್ಲಿ ಗೆಳತಿ ಇದ್ದಾಳೆ. ದೊಡ್ಡವರಾದ ನಾವು ಮೀಟಿಂಗಿನಲ್ಲಿ ಮಾಡೋದೂ ಇದನ್ನೇ ಅಲ್ವಾ?

ಜೇಕಬ್ ಕೌನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತರಗತಿಗಳನ್ನು ವಿಡಿಯೋ ಮಾಡಿ ಇದನ್ನೇ ಹುಡುಕಿದರು. 1970ರಲ್ಲಿ ಪ್ರಕಟಿಸಿದ ಅವರ ಕೆಲಸದಲ್ಲಿ ಒಂದು ವಿಚಿತ್ರ ಸಂಗತಿ ಇದೆ. ಗಲಾಟೆ ಆದ ಮೇಲೆ ಹೇಗೆ ಗದರಿಸುತ್ತಾರೆ ಅನ್ನುವುದರಲ್ಲಿ ಶಾಂತ ತರಗತಿಯ ಶಿಕ್ಷಕರಿಗೂ ಗದ್ದಲದ ತರಗತಿಯ ಶಿಕ್ಷಕರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆಗೆ ಮುಂಚೆ. ಶಾಂತ ತರಗತಿಯ ಶಿಕ್ಷಕರ ಕಣ್ಣು ಎಲ್ಲ ಕಡೆ ಇರುತ್ತಿತ್ತು, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ಹೋಗುತ್ತಿದ್ದರು. ನೀವು ಕೇಳಿದ ‘ಇನ್ನೆಷ್ಟು ಸ್ಟ್ರಿಕ್ಟ್’ಗೆ ನನ್ನ ಉತ್ತರವೂ ಇದೇ.

ಈಗ ನಿಮ್ಮ ಬೋರ್ಡ್ ವಿಷಯ. ಚಿತ್ರ, ಪಟ್ಟಿ ಇದ್ದರೆ ತರಗತಿ ಶುರುವಾಗುವ ಮೊದಲೇ ಬರೆದಿಡಿ. ನಡುವೆ ಬರೆಯಲೇಬೇಕಾದರೆ ಪೂರ್ತಿ ಬೆನ್ನು ಹಾಕಬೇಡಿ, ಓರೆಯಾಗಿ ನಿಂತು ಎರಡು ಸಾಲು ಬರೆದು ತಿರುಗಿ. ಬರೆಯುವ ಮುಂಚೆ ಒಂದು ಪ್ರಶ್ನೆ ಬಿಡಿ: ‘ನಾನು ಬರೆಯುವಷ್ಟರಲ್ಲಿ ಇದಕ್ಕೆ ಉತ್ತರ ನಿಮ್ಮ ನೋಟ್‌ಬುಕ್ಕಿನಲ್ಲಿರಬೇಕು.’

ಇನ್ನೊಂದು, ಅವರ ಮಾತಿನ ಮೇಲೆ ನೀವು ಮಾತಾಡಬೇಡಿ. ಸುತ್ತ ಸದ್ದಿದ್ದರೆ ಮನುಷ್ಯರ ದನಿ ತಾನಾಗಿಯೇ ಏರುತ್ತದೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಅಂತ ಹೆಸರು. ನೀವು ದನಿ ಏರಿಸಿದರೆ ಅವರೂ ಏರಿಸುತ್ತಾರೆ. ಅವರು ಬೇಕಂತಲೇ ಮಾಡೋದಲ್ಲ. ಅದರ ಬದಲು ವಾಕ್ಯದ ನಡುವೆಯೇ ನಿಲ್ಲಿಸಿ. ಮುಖ ಗಂಟು ಹಾಕೋದು ಬೇಡ, ಸುಮ್ನೆ ಕಾಯಿರಿ. ಶಾಂತವಾದ ಮೇಲೆ ಅದೇ ವಾಕ್ಯದಿಂದ, ಮೊದಲಿಗಿಂತ ಮೆಲ್ಲಗೆ ಮುಂದುವರಿಸಿ.

ಆಗಲೂ ಇಬ್ಬರು ಮಾತಾಡುತ್ತಿದ್ದರೆ ಪಾಠ ಹೇಳುತ್ತಲೇ ಅವರ ಬೆಂಚಿನ ಹತ್ತಿರ ಹೋಗಿ ನಿಲ್ಲಿ. ಅವರ ಮುಖ ನೋಡುವ ಅಗತ್ಯವಿಲ್ಲ. ಪುಸ್ತಕದಲ್ಲಿ ಯಾವ ಸಾಲು ನಡೆಯುತ್ತಿದೆ ಅಂತ ಬೆರಳಿಟ್ಟು ತೋರಿಸಿ, ಅಷ್ಟೇ. ಹೇಳಲೇಬೇಕಾದರೆ ಆ ಮಗುವಿಗಷ್ಟೇ ಕೇಳುವ ಹಾಗೆ ಹೇಳಿ. ಜೋರಾಗಿ ಬೈದರೆ ಇಡೀ ತರಗತಿ ತಿರುಗಿ ನೋಡುತ್ತದೆ. ಕೆಲವು ಮಕ್ಕಳಿಗೆ ಬೇಕಾಗಿದ್ದೂ ಅದೇ!

ಇನ್ನೊಬ್ಬ ಶಿಕ್ಷಕರು: ಸರ್, ನನ್ನ ತರಗತಿಯಲ್ಲಿ ಇಬ್ಬರದೇ ಕಾಟ. ಬೇರೆ ಬೇರೆ ಕೂರಿಸಿದರೆ ಆ ತುದಿಯಿಂದ ಈ ತುದಿಗೆ ಮಾತಾಡುತ್ತಾರೆ. ಹೆಸರು ಬೋರ್ಡ್ ಮೇಲೆ ಬರೆಸಿದೆ, ಅದಕ್ಕೂ ನಗುತ್ತಾರೆ.

ಉತ್ತರ: ಹೆಸರು ಬರೆಸೋದನ್ನು ಬಿಟ್ಟುಬಿಡಿ ಸರ್. ಅದು ಅವರಿಗೆ ಬಹುಮಾನದ ಪಟ್ಟಿ ಆಗಿಬಿಟ್ಟಿದೆ. ಇಬ್ಬರನ್ನಷ್ಟೇ ಎಬ್ಬಿಸಿ ಕೂರಿಸಿದರೂ ಅದು ಶಿಕ್ಷೆಯಂತೆ ಕಾಣುತ್ತದೆ. ಇಡೀ ತರಗತಿಯ ಜಾಗ ಬದಲಿಸಿ, ತಿಂಗಳಿಗೊಮ್ಮೆ ಬದಲಿಸುತ್ತೇನೆ ಅಂತ ಮೊದಲೇ ಹೇಳಿಬಿಡಿ. ಆ ಸಂದರ್ಭದಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಕಾಣದ ಹಾಗೆ ಒಂದೇ ಬದಿಯಲ್ಲಿ, ಒಬ್ಬ ಮುಂದೆ ಒಬ್ಬ ಹಿಂದೆ ಬರಲಿ.

ಆಮೇಲೆ ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕರೆದು ಮಾತಾಡಿ. ಉಪದೇಶ ಬೇಡ. ‘ನೀನು ಮಾತಾಡಿದಾಗ ನನಗೆ ಪಾಠ ನಿಲ್ಲಿಸಬೇಕಾಗುತ್ತದೆ. ನಿನಗೆ ಎಲ್ಲಿ ಕಷ್ಟ ಆಗುತ್ತಿದೆ?’ ಇಷ್ಟು ಕೇಳಿ ಸುಮ್ಮನಾಗಿ. ಕೆಲವರಿಗೆ ಪಾಠ ಅರ್ಥವಾಗಿರುವುದಿಲ್ಲ, ಕೆಲವರಿಗೆ ತೀರಾ ಸುಲಭ. ಒಂದು ವಿಷಯ ತಪ್ಪದೆ ನೋಡಿ: ‘ಏನು ಬರೆದರು? ಏನು ಹೇಳಿದರು?’ ಅಂತ ಪಕ್ಕದವರನ್ನು ಪದೇ ಪದೇ ಕೇಳುವ ಮಗುವಿಗೆ ಬೋರ್ಡ್ ಕಾಣಿಸುತ್ತಿಲ್ಲದೆ ಇರಬಹುದು, ಕಿವಿ ಮಂದ ಇರಬಹುದು. ಅನುಮಾನ ಬಂದರೆ ಮನೆಯವರಿಗೆ ತಿಳಿಸಿ, ಪರೀಕ್ಷೆ ಮಾಡಿಸಲು ಹೇಳಿ.

ಮತ್ತೊಬ್ಬರು: ಇಡೀ ತರಗತಿಗೆ ಆಟದ ಪೀರಿಯಡ್ ಕಟ್ ಮಾಡಿದರೆ ಅವರೇ ಒಬ್ಬರನ್ನೊಬ್ಬರು ಸುಮ್ಮನಿರಿಸುತ್ತಾರೆ. ನನ್ನ ಅನುಭವ.

ಉತ್ತರ: ಒಂದೆರಡು ದಿನ ಸುಮ್ಮನಿರಿಸಬಹುದು ಮೇಡಂ. ಆದರೆ ಬಾಯಿ ಮುಚ್ಚಿ ಕೂತಿದ್ದ ಮಗು ‘ನಾನೇನು ಮಾಡಿದ್ದೆ?’ ಅಂತ ಕೇಳಿದರೆ ನಮ್ಮ ಹತ್ತಿರ ಉತ್ತರ ಇರುವುದಿಲ್ಲ. ಓಡಾಡದೆ ಕೂತ ಮಕ್ಕಳು ಮುಂದಿನ ಪೀರಿಯಡ್‌ನಲ್ಲಿ ಇನ್ನೂ ಜಾಸ್ತಿ ಚಡಪಡಿಸುತ್ತಾರೆ. ನಾನಂತೂ ಇದನ್ನು ಒಪ್ಪುವುದಿಲ್ಲ. ಹೊರಗೆ ನಿಲ್ಲಿಸುವುದೂ ಅಷ್ಟೇ. ಪಾಠ ತಪ್ಪುತ್ತದೆ, ಪಾಠ ತಪ್ಪಿದ್ದಕ್ಕೆ ನಾಳೆ ಮತ್ತೆ ಮಾತು.

ಮೊದಲ ಪ್ರಶ್ನೆ ಕೇಳಿದವರು: ಸರ್, ಹೀಗೆ ಕಾಯುತ್ತಾ ನಿಂತರೆ ಪೋರ್ಷನ್ ಮುಗಿಯೋದು ಹೇಗೆ? ಒಂದು ಪ್ರಶ್ನೆ ಕೇಳಿದರೂ ಎಲ್ಲರೂ ಒಟ್ಟಿಗೆ ಕೂಗುತ್ತಾರೆ.

ಉತ್ತರ: ಕಾಯೋದು ಕೆಲವು ಸೆಕೆಂಡ್ ಅಷ್ಟೇ ಮೇಡಂ. ಅರ್ಧ ನಿಮಿಷವಾದರೂ ಗದ್ದಲ ಇಳಿಯಲಿಲ್ಲ ಅಂದರೆ ಕಾಯಬೇಡಿ, ಬರೆಯುವ ಕೆಲಸ ಕೊಟ್ಟುಬಿಡಿ. ವಿವರಣೆ ಉದ್ದವಾಗಿ ಅವರಿಗೆ ಸಾಕಾಗಿದೆ ಅಂತ ತಿಳಿದುಕೊಳ್ಳಿ.

ಪ್ರಶ್ನೆಯ ವಿಷಯಕ್ಕೆ ಬಂದರೆ, ಮೇರಿ ಬಡ್ ರೋ ಎಂಬ ಸಂಶೋಧಕಿ ಗಮನಿಸಿದ ಹಾಗೆ ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡ್ ಕಾಯುತ್ತಿದ್ದರು. ಅದನ್ನು 3 ಸೆಕೆಂಡ್‌ಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಬಾಯಿಬಿಟ್ಟರು. ನೀವೂ ಪ್ರಶ್ನೆ ಕೇಳಿ, ಕಾದು, ಆಮೇಲೆ ಹೆಸರು ಕರೆಯಿರಿ. ಹೆಸರು ಮೊದಲೇ ಕರೆದರೆ ಉಳಿದವರಿಗೆಲ್ಲ ರಜೆ. ಕೂಗಿ ಹೇಳಿದ ಉತ್ತರ ಸರಿಯಿದ್ದರೂ ತೆಗೆದುಕೊಳ್ಳಬೇಡಿ. ಇದು ಕಷ್ಟ, ಸರಿ ಉತ್ತರ ಬಂದಾಗ ನಮಗೂ ಮುಂದೆ ಹೋಗುವ ಆಸೆ. ಆದರೂ ಬೇಡ.

ಮಾತಿಗೂ ಜಾಗ ಕೊಡಿ. ಎಲ್ಲರೂ ಒಬ್ಬೊಬ್ಬರೇ ಯೋಚಿಸಲಿ, ಪಕ್ಕದವರ ಜೊತೆ ಒಂದು ನಿಮಿಷ ಮಾತಾಡಲಿ, ಆಮೇಲೆ ತರಗತಿಗೆ ಹೇಳಲಿ. ‘ನಿನ್ನ ಪಕ್ಕದವಳು ಏನಂದಳು?’ ಅಂತ ಕೇಳಿದರೆ ಕೇಳಿಸಿಕೊಂಡಿರಲೇಬೇಕಾಗುತ್ತದೆ. ನಿಲ್ಲಿಸಲು ಒಂದು ಗುರುತು ಇರಲಿ, ಕೈ ಎತ್ತಿದರೆ ಸಾಕು ಅನ್ನುವಂಥದ್ದು. ಆ ಗುರುತನ್ನು ಪಾಠವಿಲ್ಲದ ಹೊತ್ತಿನಲ್ಲಿ ಎರಡು ಮೂರು ಸಲ ಅಭ್ಯಾಸ ಮಾಡಿಸಿ. ಪಿಸುಮಾತೂ ಇಲ್ಲದ ತರಗತಿ ಕಂಡರೆ ನನಗೆ ಅನುಮಾನವೇ ಜಾಸ್ತಿ. ಅಲ್ಲಿ ಯಾರೂ ಏನೂ ಕೇಳುತ್ತಿಲ್ಲ ಅಂತಲೂ ಇರಬಹುದು.

ನಾಳೆಗೆ ಇಷ್ಟು ಮಾಡಿ: ಮಕ್ಕಳು ಒಳಗೆ ಬರುವಾಗಲೇ ಬೋರ್ಡ್ ಮೇಲೆ ಹಿಂದಿನ ಪಾಠದ ಒಂದು ಪ್ರಶ್ನೆ ಇರಲಿ. ಅವರು ಬರೆಯುತ್ತಿರಲಿ, ನೀವು ಹಾಜರಿ ತೆಗೆದುಕೊಳ್ಳಿ. ಪುಸ್ತಕದ ಮೂಲೆಯಲ್ಲಿ ಗೀಚಿಕೊಂಡ ಒಂದು ವಾರದ ಪದಗಳನ್ನು ನೋಡಿದ ಮೇಲೆ ಮತ್ತೆ ಇಲ್ಲೇ ಬರೆಯಿರಿ, ಆಗ ಉಳಿದದ್ದನ್ನು ನೋಡೋಣ.