ಒಣ ಸಿಡಿಲಿನ ಕಾಡ್ಗಿಚ್ಚು: ಸಾಂತಾ ಕ್ರೂಜ್ ಬೆಟ್ಟದ 22 ಮನೆಗೆ ಸರಿಯಾದ ಸುದ್ದಿ ತಲುಪಿಸೋದು ಹೇಗೆ?

ಬೆಟ್ಟದಮನೆ:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್ ಬೆಟ್ಟದಲ್ಲಿ, ಬೆನ್ ಲೋಮಂಡ್‌ಗೂ ಬೌಲ್ಡರ್ ಕ್ರೀಕ್‌ಗೂ ನಡುವೆ ನಮ್ಮದು 22 ಮನೆಗಳ ರಸ್ತೆ. ಹೈವೇ 9ಕ್ಕೆ ಇಳಿಯೋಕೆ ಒಂದೇ ದಾರಿ. ಐದು ಮನೆ ಕನ್ನಡದವರದು, ಎರಡರಲ್ಲಿ ಊರಿಂದ ಬಂದ ಹಿರಿಯರಿದ್ದಾರೆ. ವಾರಾಂತ್ಯಕ್ಕೆ ಒಣ ಸಿಡಿಲಿನ ರೆಡ್ ಫ್ಲ್ಯಾಗ್ ವಾರ್ನಿಂಗ್ (ಬೆಂಕಿ ಬೇಗ ಹಬ್ಬುವ ಹವೆಯ ಎಚ್ಚರಿಕೆ) ಇದೆ. ವಾಟ್ಸ್‌ಆ್ಯಪ್ ಗುಂಪೇನೋ ಇದೆ, ಆದರೆ ಹೊಗೆ ಕಂಡ ದಿನ ಮೆಸೇಜುಗಳ ರಾಶಿಯಲ್ಲಿ ಬೇಕಾದ್ದೇ ಮುಳುಗಿಹೋಗುತ್ತದೆ. ಮೊದಲು ಯಾವುದನ್ನು ನೋಡಬೇಕು? ಉಪಗ್ರಹ ನಕ್ಷೆಯ ಕೆಂಪು ಚುಕ್ಕಿಯನ್ನು ಎಷ್ಟು ನಂಬಬಹುದು? ಯಾವಾಗ ಹೊರಡಬೇಕು? ಇಂಗ್ಲಿಷ್ ಬಾರದ ಹಿರಿಯರಿಗೆ ಏನು ತಯಾರಿ?

ಗುಡ್ಡದಕಣ್ಣು:
ಸರ್, ನಕ್ಷೆಯಲ್ಲಿ ಕಾಣುವ ಬೆಂಕಿಯ ಅಂಚು ಯಾವತ್ತೂ ಹಳೆಯದು. ಎಷ್ಟು ಹಳೆಯದು ಅಂತ ಗೊತ್ತಿದ್ದರೆ ಮಾತ್ರ ಅದರಿಂದ ಉಪಯೋಗ.

ಉಪಗ್ರಹ ಕಂಡ ಬೆಂಕಿಯನ್ನು ತೋರಿಸುವ ನಾಸಾದ ಫರ್ಮ್ಸ್ ನಕ್ಷೆಯಿಂದ ಶುರು ಮಾಡೋಣ. ಅಲ್ಲಿ ಬರುವ ವಿಐಐಆರ್‌ಎಸ್ (ಕೆಲವು ಉಪಗ್ರಹಗಳಲ್ಲಿರುವ ಬಿಸಿ ಗುರುತಿಸುವ ಉಪಕರಣ) ಚುಕ್ಕಿ ಅಂದರೆ ಸುಮಾರು 375 ಮೀಟರ್ ಚೌಕದ ನಡುಬಿಂದು. ಬೆಂಕಿ ಆ ಚೌಕದೊಳಗೆ ಎಲ್ಲಿ ಬೇಕಾದರೂ ಇರಬಹುದು. ಬಿಸಿ ಹೊಗೆಯ ಕಂಬ ವಾಲಿಕೊಂಡಿದ್ದರೆ ಬೆಂಕಿಯೇ ಇಲ್ಲದ ಕಡೆಯೂ ಚುಕ್ಕಿ ಬೀಳುತ್ತದೆ. ದಟ್ಟ ಮೋಡದ ಕೆಳಗೆ, ರೆಡ್‌ವುಡ್ ಮರಗಳ ನೆರಳಲ್ಲಿ ಹೊಗೆಯಾಡುತ್ತಿರುವ ಸಣ್ಣ ಬೆಂಕಿ ಕಾಣದೇ ಹೋಗುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಸಮಯದ್ದು. ಈ ಉಪಗ್ರಹಗಳು ನಮ್ಮ ತಲೆ ಮೇಲೆ ಹಾಯುವುದು ಮಧ್ಯಾಹ್ನ ಮತ್ತು ರಾತ್ರಿ ಒಂದೂವರೆಯ ಆಸುಪಾಸಿಗೆ. ಗಾಳಿ ತಿರುಗಿ ಬೆಂಕಿ ಓಡುವ ಸಂಜೆ ಹೊತ್ತು ಪೂರ್ತಿ ಈ ಎರಡರ ನಡುವಿನ ಖಾಲಿ ಹೊತ್ತಿನಲ್ಲಿ ಬೀಳುತ್ತದೆ. ರಾತ್ರಿ ಒಂಬತ್ತಕ್ಕೆ ನಕ್ಷೆ ನೋಡಿ "ಇನ್ನೂ ದೂರ ಇದೆ" ಅಂದರೆ ನೀವು ಮಧ್ಯಾಹ್ನದ ಬೆಂಕಿಯನ್ನು ನೋಡಿ ಮಾತಾಡುತ್ತಿದ್ದೀರಿ ಅಂತ ಅರ್ಥ. ಗೋಸ್-18 ಅನ್ನುವ ಹವಾಮಾನ ಉಪಗ್ರಹ ಐದೈದು ನಿಮಿಷಕ್ಕೆ ಚಿತ್ರ ಕೊಡುತ್ತದೆ, ಆದರೆ ಅದರ ಒಂದೊಂದು ಚೌಕ 2 ಕಿಲೋಮೀಟರಿಗಿಂತ ದೊಡ್ಡದು. ಬೆಂಕಿ ಹೊತ್ತಿದೆಯೇ, ಜೋರಾಗುತ್ತಿದೆಯೇ ಅಂತ ತಿಳಿಯೋಕೆ ಸಾಕು, ಯಾವ ರಸ್ತೆ ಅಂತ ಹೇಳೋಕೆ ಸಾಲದು.

ನಮಗೆ ಹೆಚ್ಚು ಕೆಲಸಕ್ಕೆ ಬರುವುದು ಅಲರ್ಟ್‌ಕ್ಯಾಲಿಫೋರ್ನಿಯಾ ಕ್ಯಾಮೆರಾಗಳು, ಅಂದರೆ ಬೆಟ್ಟಗಳ ಮೇಲಿಟ್ಟ, ಯಾರು ಬೇಕಾದರೂ ನೋಡಬಹುದಾದ ಕ್ಯಾಮೆರಾಗಳು. ಒಂದು ಕ್ಯಾಮೆರಾದಿಂದ ಸಿಗುವುದು ದಿಕ್ಕು ಮಾತ್ರ. ಹೊಗೆ ಮುಂದಿನ ಏಣಿನದೋ ಅದರ ಹಿಂದಿನದೋ ತಿಳಿಯುವುದಿಲ್ಲ, ಮೈಲಿಗಟ್ಟಲೆ ತಪ್ಪಬಹುದು. ಬೇರೆ ಬೆಟ್ಟದ ಇನ್ನೊಂದು ಕ್ಯಾಮೆರಾದಲ್ಲೂ ಅದೇ ಹೊಗೆ ಹುಡುಕಿ, ಎರಡರ ದಿಕ್ಕಿನ ಗೆರೆಯನ್ನೂ ನಕ್ಷೆಯಲ್ಲಿ ಎಳೆಯಿರಿ. ಗೆರೆಗಳು ಕೂಡಿದ ಜಾಗವೇ ಹೊಗೆಯ ಬುಡ. ಕಡಲ ಮಂಜನ್ನು ಹೊಗೆ ಅಂದುಕೊಳ್ಳಬೇಡಿ. ಮಂಜಿನ ಮೇಲ್ಭಾಗ ಮಟ್ಟಸವಾಗಿ, ಬಿಳಿಯಾಗಿ ಕಣಿವೆ ತುಂಬಿಕೊಂಡು ಹರಿಯುತ್ತದೆ. ಹೊಗೆ ಒಂದೇ ಜಾಗದಿಂದ ಮೇಲೇಳುತ್ತದೆ, ಬುಡದಲ್ಲಿ ಬೂದು ಇಲ್ಲವೇ ಕಂದು.

ವಾಚ್ ಡ್ಯೂಟಿ ಅನ್ನುವ ಕಾಡ್ಗಿಚ್ಚಿನ ಸುದ್ದಿಯ ಆ್ಯಪ್ ಹಾಕಿಕೊಂಡು ನಿಮ್ಮ ಕೌಂಟಿಯ ಸೂಚನೆ ಆನ್ ಮಾಡಿ. ಅಗ್ನಿಶಾಮಕದವರ ರೇಡಿಯೋ ಕೇಳಿ ಬರೆಯುವವರು ಅಲ್ಲಿದ್ದಾರೆ, ಹಾಗಾಗಿ ನಕ್ಷೆಗಿಂತ ಬೇಗ ಸುದ್ದಿ ಸಿಗುತ್ತದೆ. ಜನರನ್ನು ತೆರವು ಮಾಡಿಸೋಕೆ ಗುರುತಿಸಿದ ನಿಮ್ಮ ವಲಯದ ಅಧಿಕೃತ ಸ್ಥಿತಿಗೆ, ಅಂದರೆ ವಾರ್ನಿಂಗ್ (ಹೊರಡಲು ಸಿದ್ಧರಾಗಿ) ಇದೆಯೇ, ಆರ್ಡರ್ (ಈಗಲೇ ಹೊರಡಿ) ಇದೆಯೇ ಅಂತ ತಿಳಿಯೋಕೆ ಮಾತ್ರ, ಜೆನಸಿಸ್ ಪ್ರೊಟೆಕ್ಟ್ ಆ್ಯಪ್ ನೋಡಿ. ಶೆರಿಫ್ ಕಚೇರಿ ಹೇಳಿದ್ದಕ್ಕೂ ಆ್ಯಪ್ ಹೇಳಿದ್ದಕ್ಕೂ ಹೊಂದದಿದ್ದರೆ ಶೆರಿಫ್ ಮಾತು ನಡೆಯಲಿ.

ಮಳೆಮಾಪಕ:
ಮೇಲಿನದಕ್ಕೆ ಸಿಡಿಲಿನ ವಿಷಯ ಸೇರಿಸುತ್ತೇನೆ. ಒಣ ಸಿಡಿಲು ಅಂದರೆ ಮಳೆಯೇ ಇಲ್ಲ ಅಂತಲ್ಲ. ಒಂದು ಇಂಚಿನ ಹತ್ತನೇ ಒಂದು ಭಾಗಕ್ಕಿಂತ, ಅಂದರೆ 2.5 ಮಿ.ಮೀ.ಗಿಂತ ಕಡಿಮೆ ಮಳೆ. ನೆಲ ಒದ್ದೆಯಾದ ಹಾಗೆ ಕಾಣುತ್ತದೆ, ತರಗೆಲೆಯ ಕೆಳಪದರ ಒಣಗಿಯೇ ಇರುತ್ತದೆ.

2020ರ ಆಗಸ್ಟ್ 16ರಂದು ಇದೇ ಬೆಟ್ಟಗಳಲ್ಲಿ ಆದದ್ದನ್ನೇ ನೋಡಿ. ಬೆಳಗಿನ ಹೊತ್ತು ಬಿದ್ದ ಸಿಡಿಲಿಗೆ ದಾರಿಯಿಲ್ಲದ ಕಣಿವೆಗಳಲ್ಲಿ ಸಣ್ಣ ಸಣ್ಣ ಬೆಂಕಿ ಹೊತ್ತಿಕೊಂಡವು. ಎರಡು ದಿನದ ಮೇಲೆ, 18ರ ರಾತ್ರಿ, ಗಾಳಿ ತಿರುಗಿ ಎಲ್ಲ ಒಂದಾದವು. ಅದೇ ಸಿಜೆಡ್‌ಯು ಕಾಂಪ್ಲೆಕ್ಸ್ ಅಂತ ಹೆಸರಾದ ಕಾಡ್ಗಿಚ್ಚು: ಸುಟ್ಟದ್ದು 86,509 ಎಕರೆ, 1,490 ಕಟ್ಟಡ. ಅದೇ ವಾರ ಉತ್ತರಕ್ಕೆ ಎಲ್‌ಎನ್‌ಯು, ಪೂರ್ವಕ್ಕೆ ಎಸ್‌ಸಿಯು ಅನ್ನುವ ಇನ್ನೆರಡು ದೊಡ್ಡ ಕಾಡ್ಗಿಚ್ಚುಗಳು ಉರಿಯುತ್ತಿದ್ದವು. ಒಂದೇ ಬೆಂಕಿಯಾದರೆ ನೂರಾರು ಜನ ಅಲ್ಲಿಗೇ ಬರುತ್ತಾರೆ. ಸಿಡಿಲಿನ ದಿನ ನೂರಾರು ಕಡೆ ಹೊತ್ತಿಕೊಳ್ಳುವುದರಿಂದ ಸಿಬ್ಬಂದಿ ಹಂಚಿಹೋಗುತ್ತಾರೆ. "ಅಗ್ನಿಶಾಮಕ ಗಾಡಿ ಬಂದಮೇಲೆ ನೋಡೋಣ" ಅನ್ನುವ ಲೆಕ್ಕ ಅವತ್ತು ನಡೆಯುವುದಿಲ್ಲ.

ಇನ್ನೊಂದು, ಮರದ ಒಣ ತುದಿಗೋ ಟೊಳ್ಳು ಕಾಂಡಕ್ಕೋ ಬಡಿದ ಸಿಡಿಲು ಒಳಗೊಳಗೇ ದಿನಗಟ್ಟಲೆ ಕನಲುತ್ತಿರುತ್ತದೆ. ಬಹಳಷ್ಟು ಮೊದಲ ಎರಡು ಮೂರು ದಿನಗಳಲ್ಲೇ ಹೊರಗೆ ಬರುತ್ತವೆ, ಕೆಲವು ವಾರ ಕಳೆದ ಮೇಲೆ. ಹಾಗಾಗಿ ಸಿಡಿಲಿನ ನಕ್ಷೆಯಲ್ಲಿ ನಿಮ್ಮಿಂದ ಐದು ಮೈಲಿಯೊಳಗೆ ನೆಲಕ್ಕೆ ಬಡಿದ ಪ್ರತಿಯೊಂದನ್ನೂ ವೇಳೆಯ ಸಮೇತ ಬರೆದಿಡಿ. ಮೋಡದೊಳಗಿನ ಮಿಂಚನ್ನು ಬಿಟ್ಟುಬಿಡಿ. ಆಮೇಲೆ ಹತ್ತು ದಿನ, ಮಧ್ಯಾಹ್ನ ಒಂದರಿಂದ ಆರರವರೆಗೆ, ಆ ಜಾಗಗಳ ಮೇಲೆ ಕ್ಯಾಮೆರಾದ ಕಣ್ಣಿಡಿ. ಗಾಳಿಯ ತೇವ ಇಳಿದು ಕನಲು ಬೆಂಕಿಯಾಗುವ ಹೊತ್ತು ಅದು.

ಕೆಳಗೆ ಪೇಟೆಯಲ್ಲಿ ರಾತ್ರಿ ಮಂಜು ಇದೆ ಅಂತ ನೆಮ್ಮದಿ ಬೇಡ. ಮಂಜಿನ ಪದರದ ಮೇಲಿನ ಏಣುಗಳಲ್ಲಿ ರಾತ್ರಿಯೂ ಗಾಳಿ ಬೆಚ್ಚಗೆ, ಒಣಗಿ ಇರುತ್ತದೆ. ಅಲ್ಲಿ ಬೆಂಕಿ ಮಲಗುವುದಿಲ್ಲ.

ಹೊಸ ಹೊಗೆ ಕಂಡರೆ ಮೊದಲು 911, ಆಮೇಲೆ ಗುಂಪು. ಎಲ್ಲಿ ನಿಂತು ನೋಡುತ್ತಿದ್ದೀರಿ, ಯಾವ ದಿಕ್ಕು, ಹೊಗೆಯ ಬಣ್ಣ ಏನು, ಈ ಮೂರು ಹೇಳಿ.

ಸಾಲುಮನೆ:
ಗುಂಪಿನ ಬಗ್ಗೆ. ಎರಡು ಮಾಡಿ: ಒಂದು ಹರಟೆಗೆ, ಇನ್ನೊಂದು ಬರೀ ಸೂಚನೆಗೆ. ಎರಡನೆಯದರಲ್ಲಿ ಮೂವರಿಗೆ ಮಾತ್ರ ಬರೆಯುವ ಅಧಿಕಾರ, ನಾಲ್ಕು ತಾಸಿನ ಪಾಳಿ. ಪಾಳಿಯವರು ಮಲಗುವ ಮುನ್ನ ಮುಂದಿನವರನ್ನು ಎಬ್ಬಿಸಿ, ಅವರ ಬಾಯಲ್ಲಿ "ಎದ್ದಿದ್ದೇನೆ" ಅಂತ ಕೇಳಬೇಕು, ಮೆಸೇಜ್ ಸಾಲದು. ಸೂಚನೆಯ ಮಾದರಿ ಹೀಗಿರಲಿ:

"ಸಂಜೆ 6:40. ನಮ್ಮ ವಲಯ: ವಾರ್ನಿಂಗ್. ನೋಡಿದ್ದು: ಜೆನಸಿಸ್. ಹೈವೇ 9 ಫೆಲ್ಟನ್ ಕಡೆಗೆ ತೆರೆದಿದೆ. ಹೊರಟವರು ಮನೆ ನಂಬರ್, ಜನ, ಕಾರು ತಿಳಿಸಿ. ಮುಂದಿನ ಸುದ್ದಿ 7:00ಕ್ಕೆ, ಬದಲಾವಣೆ ಇಲ್ಲದಿದ್ದರೂ."

ಕೊನೆಯ ಸಾಲನ್ನು ಬಿಡಬೇಡಿ. ಹೇಳಿದ ಹೊತ್ತಿಗೆ ಸುದ್ದಿ ಬಂದರೆ ಜನ ನಡುವೆ ಕೇಳುತ್ತಾ ಕೂರುವುದಿಲ್ಲ. ವೇಳೆ ಕಾಣದ ಸ್ಕ್ರೀನ್‌ಶಾಟ್ ಗುಂಪಿಗೆ ಬರಬಾರದು. ಮೂರು ತಾಸು ಹಳೆಯ ಚಿತ್ರ ಮೂರು ಕೈ ದಾಟಿ ಬಂದರೆ ಈಗಷ್ಟೇ ತೆಗೆದದ್ದರಂತೆ ಕಾಣುತ್ತದೆ. ಫೋನಿಗೆ ಬರುವ ಸರ್ಕಾರಿ ಎಚ್ಚರಿಕೆಯನ್ನೂ ವಲಯದ ಜೊತೆ ಹೊಂದಿಸಿ ನೋಡಿ. 2025ರ ಜನವರಿ 9ರಂದು ಲಾಸ್ ಏಂಜಲೀಸ್ ಕೌಂಟಿಯಲ್ಲಿ ಒಂದು ಪ್ರದೇಶಕ್ಕೆ ಹೋಗಬೇಕಿದ್ದ ಎಚ್ಚರಿಕೆ ಇಡೀ ಕೌಂಟಿಗೆ ಹೋಗಿತ್ತು.

22 ಮನೆಯನ್ನು ರಸ್ತೆಯ ಕ್ರಮದಲ್ಲೇ ನಾಲ್ಕು ತುಂಡು ಮಾಡಿ, ತುಂಡಿಗೊಬ್ಬರು ಜವಾಬ್ದಾರರು. ಅವರ ಕೈಯಲ್ಲಿ ಕಾಗದದ ಪಟ್ಟಿ: ಎಷ್ಟು ಜನ, ಎಷ್ಟು ಕಾರು, ಕಾರು ಓಡಿಸಲಾಗದವರು ಯಾರು, ಆಮ್ಲಜನಕದ ಯಂತ್ರ ಇದೆಯೇ, ನಾಯಿ ಕುದುರೆ ಇವೆಯೇ. ಕಾಗದವೇ ಏಕೆ ಅಂದರೆ ಕರೆಂಟ್ ಹೋದರೆ ವೈಫೈ ತಕ್ಷಣ ಹೋಗುತ್ತದೆ, ಟವರಿನ ಬ್ಯಾಟರಿ ಕೆಲವು ತಾಸಷ್ಟೇ. ಆಗ ಕೈಗೆ ಸಿಗಲಿ ಅಂತ ತುಂಡಿಗೊಂದು ಜಿಎಂಆರ್‌ಎಸ್ ರೇಡಿಯೋ (ಫೋನ್ ಟವರ್ ಇಲ್ಲದೆ ಮಾತಾಡಬಹುದಾದ ವಾಕಿಟಾಕಿ) ಇಡಿ. ಪರೀಕ್ಷೆ ಇಲ್ಲ, 35 ಡಾಲರಿಗೆ ಹತ್ತು ವರ್ಷದ ಲೈಸೆನ್ಸ್, ಒಬ್ಬರದ್ದು ಅವರ ಮನೆಯವರಿಗೂ ನಡೆಯುತ್ತದೆ. ಡಬ್ಬಿ ಮೇಲಿನ ಮೂವತ್ತು ಮೈಲಿಯನ್ನು ನಂಬಬೇಡಿ, ಕಣಿವೆಯಲ್ಲಿ ಒಂದು ಮೈಲಿ ಸಿಕ್ಕರೆ ಪುಣ್ಯ. ಈ ವಾರವೇ ಪ್ರತಿ ಮನೆ ಬಾಗಿಲಲ್ಲಿ ನಿಂತು ಪರೀಕ್ಷಿಸಿ.

ಅಕ್ಕರೆ:
ಹಿರಿಯರಿರುವ ಮನೆಗೆ ನನ್ನದು ಒಂದೇ ಮಾತು: ವಾರ್ನಿಂಗ್ ಬಂತೆಂದರೆ ಹೊರಡಿ. ಆರ್ಡರ್ ಬರುವ ಹೊತ್ತಿಗೆ ಹೈವೇ 9ರ ಒಂದೊಂದು ಸಾಲಿನಲ್ಲಿ ಇಡೀ ಕಣಿವೆಯ ಜನ ಇರುತ್ತಾರೆ.

ಊರಿಂದ ತಂದ ಫೋನಿನಲ್ಲಿ ತುರ್ತು ಎಚ್ಚರಿಕೆ ಕೂಗುತ್ತದೆ ಅಂತ ನಂಬಿ ಕೂರಬೇಡಿ. ಇಲ್ಲಿಯ ನಂಬರನ್ನು ಕೌಂಟಿಯ ತುರ್ತು ಎಚ್ಚರಿಕೆ ಸೇವೆಯಾದ ಕ್ರೂಜ್‌ಅವೇರ್‌ನಲ್ಲಿ ನೋಂದಾಯಿಸಿ, ಪಕ್ಕದ ಮನೆಯವರು ಬಾಗಿಲು ತಟ್ಟುವ ಏರ್ಪಾಡು ಮಾಡಿ. ತಟ್ಟಿದವರ ಜೊತೆ ಹೊರಟುಬಿಡಬೇಕು, ಮಗನ ಫೋನಿಗೆ ಕಾಯಬಾರದು ಅಂತ ಈಗಲೇ ಹೇಳಿಡಿ.

ಚೀಲದಲ್ಲಿ ಪಾಸ್‌ಪೋರ್ಟ್, ಐ-94 (ಅಮೆರಿಕಕ್ಕೆ ಬಂದ ದಾಖಲೆ) ಪ್ರತಿ, ವಿಮೆ ಕಾಗದ, ಕನ್ನಡಕ, ಎರಡು ವಾರದ ಮಾತ್ರೆ. ಮಾತ್ರೆಯ ಪಟ್ಟಿಯಲ್ಲಿ ಔಷಧದ ಮೂಲ ಹೆಸರು ಬರೆಯಿರಿ. "ಟೆಲ್ಮಾ 40" ಅಂದರೆ ಇಲ್ಲಿನ ಔಷಧದಂಗಡಿಯವರಿಗೆ ತಿಳಿಯುವುದಿಲ್ಲ, "ಟೆಲ್ಮಿಸಾರ್ಟನ್ 40 ಮಿ.ಗ್ರಾಂ" ಅಂದರೆ ತಿಳಿಯುತ್ತದೆ. ಪಾಲಿಯೆಸ್ಟರ್ ಸೀರೆ, ರಬ್ಬರ್ ಚಪ್ಪಲಿ ಬೇಡ. ದಪ್ಪ ಹತ್ತಿಬಟ್ಟೆ, ಮುಚ್ಚಿದ ಶೂ.

ಇನ್ನು ಗ್ಯಾರೇಜ್. ಕರೆಂಟ್ ಹೋದರೆ ಮೋಟಾರಿನ ಹಳಿಯಿಂದ ಜೋತಾಡುವ ಕೆಂಪು ಹಗ್ಗವನ್ನು ಬಾಗಿಲು ಪೂರ್ತಿ ಮುಚ್ಚಿರುವಾಗ ಎಳೆಯಬೇಕು, ಕಟಕ್ ಅನ್ನುತ್ತದೆ, ಆಮೇಲೆ ಬಾಗಿಲನ್ನು ಕೈಯಲ್ಲಿ ಎತ್ತಬೇಕು. ಅರ್ಧ ತೆರೆದಾಗ ಎಳೆದರೆ ಬಾಗಿಲು ದಢಾರನೆ ಬೀಳಬಹುದು. ಸ್ಪ್ರಿಂಗ್ ಮುರಿದಿದ್ದರೆ ಒಬ್ಬರ ಕೈಲಿ ಎತ್ತಲಾಗದು. 2019ರ ಜುಲೈ ನಂತರ ಹಾಕಿಸಿದ ಮೋಟಾರಾದರೆ ಬ್ಯಾಟರಿ ಇರುತ್ತದೆ, ಅದನ್ನೂ ಪ್ಲಗ್ ಕಿತ್ತು ಪರೀಕ್ಷಿಸಿ. ರೆಡ್ ಫ್ಲ್ಯಾಗ್ ದಿನಗಳಲ್ಲಿ ಕಾರನ್ನು ಹೊರಗೇ, ರಸ್ತೆಗೆ ಮುಖ ಮಾಡಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಬೆಟ್ಟದಮನೆ:
ತುಂಬಾ ಧನ್ಯವಾದ. ಒಂದು ಸಂದೇಹ: ನಮ್ಮ ವಲಯಕ್ಕೆ ಏನೂ ಇಲ್ಲ, ದಕ್ಷಿಣಕ್ಕಿರುವ ಪಕ್ಕದ ವಲಯಕ್ಕೆ ಆರ್ಡರ್ ಬಂದರೆ?

ಗುಡ್ಡದಕಣ್ಣು:
ನೀವು ಇಳಿಯುವ ದಾರಿ ಆ ವಲಯದ ಮೂಲಕವೇ ಹೋಗುತ್ತಿದ್ದರೆ ಅದನ್ನು ನಿಮ್ಮದೇ ಆರ್ಡರ್ ಅಂದುಕೊಳ್ಳಿ. ದಾರಿ ಮುಚ್ಚುವ ಮುಂಚೆ ಇಳಿಯಿರಿ, ಮುಚ್ಚಿದ್ದರೆ ಬೌಲ್ಡರ್ ಕ್ರೀಕ್‌ಗೆ ಹೋಗಿ ಅಲ್ಲಿಂದ ಬೇರ್ ಕ್ರೀಕ್ ರೋಡ್ ಹಿಡಿದು ಹೈವೇ 17ರ ಕಡೆ. ಅದು ಕಡಿದಾದ, ತಿರುವುಗಳ ರಸ್ತೆ, ಹೊಗೆಯಲ್ಲಿ ನಿಧಾನ. ಈ ಶನಿವಾರ ಎಲ್ಲರೂ ಹಗಲಲ್ಲಿ ಒಮ್ಮೆ ಓಡಿಸಿ ನೋಡಿ. ಎರಡೂ ದಾರಿ ಹಾಯುವ ವಲಯಗಳ ಸಂಕೇತಗಳನ್ನು ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ.